ಕೊಡಗಿನ ರೇಂಜಿನಲ್ಲಿ ವಿಪಿಎನ್ ಮತ್ತು ಬ್ಯಾಟರಿ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ರಾತ್ರಿ ಹತ್ತು ಗಂಟೆಗೆ 80 ಇದ್ದ ಚಾರ್ಜ್ ಬೆಳಿಗ್ಗೆ ಆರಕ್ಕೆ 50ಕ್ಕೆ ಇಳಿದಿರುತ್ತದೆ. ಮಧ್ಯೆ ಯಾರೂ ಫೋನ್ ಮುಟ್ಟಿಲ್ಲ. ಕೈಗೆತ್ತಿಕೊಂಡರೆ ಹಿಂಬದಿ ಬೆಚ್ಚಗಿದೆ, ಪರದೆಯ ಮೇಲ್ತುದಿಯಲ್ಲಿ, ಫೋನಿನ ಡೇಟಾವನ್ನು ಗುಪ್ತವಾಗಿ ಬೇರೊಂದು ಸರ್ವರ್ ಮೂಲಕ ಕಳಿಸುವ ವಿಪಿಎನ್‌ನ ಪುಟ್ಟ ಕೀಲಿಕೈ ಗುರುತು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಇದೇ ಫೋನ್, ಇದೇ ವಿಪಿಎನ್ ಒಂದೂವರೆ ದಿನ ಬರುತ್ತಿತ್ತು. ನಾಪೋಕ್ಲು ಕಡೆಯ ತೋಟದ ಮನೆಗೆ ಬಂದ ಮೊದಲ ರಾತ್ರಿಯೇ ಹೀಗಾದರೆ ಬಹಳ ಮಂದಿ ಬ್ಯಾಟರಿ ಹೋಯಿತೆಂದುಕೊಂಡು ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಬದಲಿಸಿಕೊಂಡು ಬರುತ್ತಾರೆ. ಹೊಸ ಬ್ಯಾಟರಿ ಹಾಕಿದ ರಾತ್ರಿಯೂ ಅಷ್ಟೇ ಇಳಿಯುತ್ತದೆ, ಏಕೆಂದರೆ ದೋಷ ಬ್ಯಾಟರಿಯಲ್ಲಿಲ್ಲ. ವಿಪಿಎನ್ ಆಪ್‌ನಲ್ಲೂ ಪೂರ್ತಿಯಾಗಿ ಇಲ್ಲ. ಮಲಗಬೇಕಾದ ರೇಡಿಯೋವನ್ನು (ಫೋನಿನೊಳಗೆ ಟವರ್ ಜತೆ ಮಾತಾಡುವ ಭಾಗವನ್ನು) ಯಾರೋ ಪದೇಪದೇ ತಟ್ಟಿ ಎಬ್ಬಿಸುತ್ತಿದ್ದಾರೆ. ಯಾರು, ಎಷ್ಟು ಹೊತ್ತಿಗೊಮ್ಮೆ, ಯಾಕೆ ಎಂದು ಕಂಡುಹಿಡಿಯುವುದೇ ಇಲ್ಲಿಯ ಕೆಲಸ.

ಮೊದಲು ಲೆಕ್ಕ ನೋಡಿ. 5000 ಎಂಎಎಚ್ ಬ್ಯಾಟರಿಯಲ್ಲಿ ಶೇ. 30 ಎಂದರೆ 1500 ಎಂಎಎಚ್. ಎಂಟು ಗಂಟೆಗೆ ಹಂಚಿದರೆ ಸರಾಸರಿ 187 ಮಿಲಿಆಂಪಿಯರ್. ಆರೋಗ್ಯವಾಗಿರುವ ಫೋನ್ ಪರದೆ ಆರಿಸಿ ಮಲಗಿದ್ದರೆ ಗಂಟೆಗೆ ಅರ್ಧದಿಂದ ಒಂದು ಶೇಕಡಾ, ಅಂದರೆ 25ರಿಂದ 50 ಮಿಲಿಆಂಪಿಯರ್ ಎಳೆಯುವುದು ವಾಡಿಕೆ. ಉಳಿದದ್ದೆಲ್ಲ ವ್ಯರ್ಥ.

ರೇಡಿಯೋ ಯಾಕೆ ಮಲಗುವುದಿಲ್ಲ

4ಜಿಯಲ್ಲಿ ಫೋನ್ ಒಂದು ಪ್ಯಾಕೆಟ್ (ಡೇಟಾದ ಪುಟ್ಟ ಕಟ್ಟು) ಕಳಿಸಿದರೆ ಟವರ್ ಜತೆಗಿನ ಸಂಪರ್ಕ ಆ ಕ್ಷಣಕ್ಕೇ ಮುಗಿಯುವುದಿಲ್ಲ. ಇನ್ನೂ ಏನಾದರೂ ಬಂದೀತು ಎಂದು ರೇಡಿಯೋ ಇನ್ನೊಂದಿಷ್ಟು ಹೊತ್ತು, ಸಾಮಾನ್ಯವಾಗಿ ಸುಮಾರು 10 ಸೆಕೆಂಡ್, ಎಚ್ಚರವಾಗಿಯೇ ಇರುತ್ತದೆ. ಆಮೇಲೆ ಮಲಗುತ್ತದೆ. ಹಾಗಾಗಿ 100 ಬೈಟಿನ ಪ್ಯಾಕೆಟ್‌ಗೂ ಒಂದು ದೊಡ್ಡ ಫೋಟೋಗೂ ಈ ಹೆಚ್ಚುವರಿ ಎಚ್ಚರದ, ಅಂದರೆ ‘ಬಾಲ’ದ, ಖರ್ಚು ಒಂದೇ.

ವಿಪಿಎನ್ ಎಂದರೆ ಫೋನಿಗೂ ಸರ್ವರ್‌ಗೂ ನಡುವಿನ ಸುರಂಗ. ಮಧ್ಯದ ನೆಟ್‌ವರ್ಕ್ ಉಪಕರಣಗಳು ಸುಮ್ಮನಿರುವ ಸಂಪರ್ಕವನ್ನು ಸ್ವಲ್ಪ ಹೊತ್ತಿನ ನಂತರ ಮರೆತುಬಿಡುತ್ತವೆ. ಹಲವು ವಿಪಿಎನ್‌ಗಳು ಬಳಸುವ ಯುಡಿಪಿ ಎಂಬ ಬಗೆಯ ಸಂಪರ್ಕವನ್ನು ಅರ್ಧ ನಿಮಿಷಕ್ಕೇ ಮರೆಯುವವೂ ಇವೆ. ಸುರಂಗ ಮುಚ್ಚಿಹೋಗದಿರಲೆಂದು ವಿಪಿಎನ್ ಆಗಾಗ ‘ನಾನಿನ್ನೂ ಇದ್ದೇನೆ’ ಎಂಬ ಪುಟ್ಟ ಪ್ಯಾಕೆಟ್ ಕಳಿಸುತ್ತಿರುತ್ತದೆ. ಇದಕ್ಕೆ ಕೀಪ್‌ಅಲೈವ್ ಎನ್ನುತ್ತಾರೆ. ಇದೇ ನಮ್ಮ ಮೊದಲ ಶಂಕಿತ.

ವಿಪಿಎನ್‌ನಲ್ಲಿ ವೈರ್‌ಗಾರ್ಡ್, ಐಕೆಇವಿ2, ಓಪನ್‌ವಿಪಿಎನ್ ಎಂಬ ಬಗೆಗಳಿವೆ. ವೈರ್‌ಗಾರ್ಡ್‌ನಲ್ಲಿ ಕೀಪ್‌ಅಲೈವ್ ಮೂಲತಃ ಬಂದ್ ಆಗಿರುತ್ತದೆ. ಆದರೆ ಸಿಕ್ಕಸಿಕ್ಕ ಮಾದರಿ ಸೆಟ್ಟಿಂಗ್ ಕಡತ ನಕಲು ಮಾಡಿದವರೆಲ್ಲ 25 ಸೆಕೆಂಡ್ ಎಂದು ಬರೆದಿರುತ್ತಾರೆ. 25 ಸೆಕೆಂಡಿಗೊಮ್ಮೆ ಎಂದರೆ ದಿನಕ್ಕೆ 3456 ಸಲ. ಪ್ರತಿ ಸಲ 10 ಸೆಕೆಂಡ್ ಬಾಲ ಹಿಡಿದರೆ ರೇಡಿಯೋ ದಿನದ ಶೇ. 40 ಹೊತ್ತು ಎಚ್ಚರ. ಐಕೆಇವಿ2ನಲ್ಲಿ, ಹಲವು ಸಾಧನಗಳಿಗೆ ಒಂದೇ ಹೊರವಿಳಾಸ ಕೊಡುವ ನ್ಯಾಟ್ ವ್ಯವಸ್ಥೆಯ ಹಿಂದಿರುವಾಗ, ರೂಢಿಯ ಅವಧಿ 20 ಸೆಕೆಂಡ್. ಅಂದರೆ ಅರ್ಧ ಹೊತ್ತು. ಓಪನ್‌ವಿಪಿಎನ್ ಸರ್ವರ್‌ಗಳಲ್ಲಿ ತೀರ ಸಾಮಾನ್ಯವಾಗಿ ಕಾಣುವ ಸಾಲು ‘ಕೀಪ್‌ಅಲೈವ್ 10 60’: ಹತ್ತು ಸೆಕೆಂಡಿಗೊಮ್ಮೆ ಪಿಂಗ್, ಅರವತ್ತು ಸೆಕೆಂಡ್ ಉತ್ತರ ಬಾರದಿದ್ದರೆ ಮರುಸಂಪರ್ಕ. ಹತ್ತು ಸೆಕೆಂಡ್ ಬಾಲದ ರೇಡಿಯೋ ಹತ್ತು ಸೆಕೆಂಡಿನ ಪಿಂಗ್ ಎದುರು ಒಂದು ರಾತ್ರಿಯೂ ಕಣ್ಣು ಮುಚ್ಚುವುದಿಲ್ಲ.

ವೈಫೈಯಲ್ಲಿ ಈ ಬಾಲ ಬಲು ಚಿಕ್ಕದು, ಸೆಕೆಂಡಿನ ಒಂದು ಭಾಗ ಮಾತ್ರ. ಅದಕ್ಕೇ ಒಳ್ಳೆಯ ವೈಫೈಯಲ್ಲಿ ಹಾನಿ ಮಾಡದ ಅದೇ ವಿಪಿಎನ್ ಮೊಬೈಲ್ ಡೇಟಾದಲ್ಲಿ ಬ್ಯಾಟರಿ ಹೀರುತ್ತದೆ.

ಇದಕ್ಕೆ ಕೊಡಗಿನ ನೆಲ ಸೇರಿಕೊಳ್ಳುತ್ತದೆ. ಟವರ್ ದೂರವಾದಷ್ಟೂ ಫೋನ್ ಗಟ್ಟಿಯಾಗಿ ಕೂಗಬೇಕು. ಸಾಮಾನ್ಯ 4ಜಿ ಫೋನ್ ಗರಿಷ್ಠ 23 ಡಿಬಿಎಂ, ಅಂದರೆ ಸುಮಾರು 200 ಮಿಲಿವ್ಯಾಟ್ ವರೆಗೆ ಪ್ರಸಾರ ಮಾಡಬಲ್ಲದು, ಅಷ್ಟನ್ನು ಹೊರಹಾಕಲು ಬ್ಯಾಟರಿಯಿಂದ ಅದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತದೆ. ನಡುವೆ ಒಂದು ಗುಡ್ಡ, ಮಳೆಗೆ ನೆಂದ ಸಿಲ್ವರ್ ಮರಗಳ ಸಾಲು, ಟೆರೇಸಿನ ಮೇಲೆ ಹೊದಿಸಿದ ಲೋಹದ ಶೀಟು. ಮೂರೂ ಸೇರಿದರೆ ಫೋನ್ ರಾತ್ರಿಯಿಡೀ ಗರಿಷ್ಠ ಶಕ್ತಿಯಲ್ಲೇ ಕೂಗುತ್ತಿರುತ್ತದೆ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ದೂರು ಹೆಚ್ಚಾಗುವುದಕ್ಕೆ ಇದೂ ಒಂದು ಕಾರಣ.

ಅಳತೆ: ನಾಲ್ಕು ರಾತ್ರಿ

ಸೆಟ್ಟಿಂಗ್ಸ್ ಕೆದಕುವ ಮುನ್ನ ಅಳೆಯಿರಿ. ಅಳೆಯದೆ ಐದು ಸೆಟ್ಟಿಂಗ್ ಬದಲಿಸಿದರೆ ಯಾವುದು ಫಲಿಸಿತೆಂದು ತಿಳಿಯುವುದಿಲ್ಲ, ಬೇಕಾದದ್ದೊಂದನ್ನು ಕೆಡಿಸಿರಲೂಬಹುದು.

ಪ್ರತಿ ರಾತ್ರಿ ಫೋನನ್ನು ಒಂದೇ ಜಾಗದಲ್ಲಿಡಿ, ಚಾರ್ಜ್ 80ರ ಹತ್ತಿರ ಇರಲಿ, ಪರದೆ ಆರಿಸಿ, ಎಂಟು ಗಂಟೆ ಬಿಡಿ. ಮೊದಲ ರಾತ್ರಿ ವಿಪಿಎನ್ ಬಂದ್, ವೈಫೈ ಮಾತ್ರ. ಎರಡನೇ ರಾತ್ರಿ ವಿಪಿಎನ್ ಆನ್, ವೈಫೈ. ಮೂರನೇ ರಾತ್ರಿ ವಿಪಿಎನ್ ಬಂದ್, ಮೊಬೈಲ್ ಡೇಟಾ. ನಾಲ್ಕನೇ ರಾತ್ರಿ ವಿಪಿಎನ್ ಆನ್, ಮೊಬೈಲ್ ಡೇಟಾ. ಮಲಗುವ ಮುನ್ನ ಮತ್ತು ಎದ್ದ ಮೇಲೆ ಶೇಕಡಾ ಬರೆದಿಡಿ, ಜತೆಗೆ ಸಿಗ್ನಲ್ ಅಂಕಿಯನ್ನೂ. ನಡುರಾತ್ರಿ ಕರೆಂಟ್ ಹೋಗಿದ್ದರೆ ಆ ರಾತ್ರಿಯ ಲೆಕ್ಕ ಬಿಟ್ಟು ಮತ್ತೊಮ್ಮೆ ಮಾಡಿ. ರೂಟರ್ ಸತ್ತ ರಾತ್ರಿ ವೈಫೈ ರಾತ್ರಿಯಲ್ಲ.

ಸಿಗ್ನಲ್ ಅಂಕಿ ಸಿಗುವುದು ಹೀಗೆ: ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ → ಅಬೌಟ್ ಫೋನ್ → ಸಿಮ್ ಸ್ಟೇಟಸ್ → ಸಿಗ್ನಲ್ ಸ್ಟ್ರೆಂತ್. ಅನೇಕ ಫೋನ್‌ಗಳಲ್ಲಿ *#*#4636#*#* ಒತ್ತಿದರೂ ಬರುತ್ತದೆ. ಐಫೋನಿನಲ್ಲಿ *3001#12345#* ಒತ್ತಿ ಕರೆ ಮಾಡಿದರೆ ಫೀಲ್ಡ್ ಟೆಸ್ಟ್ ತೆರೆಯುತ್ತದೆ. ಮೇಲಿನ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಕಂಪನಿ ಒಂದೊಂದು ರೀತಿ ತೋರಿಸುತ್ತದೆ. ಅಂಕಿ ಋಣ ಸಂಖ್ಯೆಯಲ್ಲಿರುತ್ತದೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಕೆಟ್ಟದ್ದು. 4ಜಿಯಲ್ಲಿ ಮೈನಸ್ 85 ಒಳ್ಳೆಯದು, ಮೈನಸ್ 100 ನಡೆದೀತು, ಮೈನಸ್ 110 ದಾಟಿದರೆ ದುರ್ಬಲ, ಮೈನಸ್ 120ರ ಹತ್ತಿರ ಇದ್ದೂ ಇಲ್ಲದಂತೆ.

ಒಂದನೇ ರಾತ್ರಿಯೇ ಶೇ. 15ಕ್ಕಿಂತ ಹೆಚ್ಚು ಇಳಿದರೆ ವಿಪಿಎನ್ ನಿರಪರಾಧಿ. ಬೇರೆ ಆಪ್, ಬ್ಯಾಟರಿಯ ವಯಸ್ಸು, ಅಥವಾ ವೈಫೈ ಇದ್ದರೂ ಹಿಂದೆ ರೇಂಜ್ ಹುಡುಕುತ್ತಲೇ ಇರುವ ಸಿಮ್ ನೋಡಬೇಕು. ಮೂರನೇ ರಾತ್ರಿ ವಿಪಿಎನ್ ಇಲ್ಲದೆಯೇ ಬಹಳ ಇಳಿದರೆ ದೋಷ ಸಿಗ್ನಲ್‌ನದು. ಎರಡನೇ ರಾತ್ರಿ ಚೆನ್ನಾಗಿದ್ದು ನಾಲ್ಕನೇ ರಾತ್ರಿ ಮಾತ್ರ ಕೆಟ್ಟಿದ್ದರೆ ಕೀಪ್‌ಅಲೈವ್. ಎರಡನೆಯದೂ ನಾಲ್ಕನೆಯದೂ ಕೆಟ್ಟಿದ್ದರೆ ಮರುಸಂಪರ್ಕದ ಸುಳಿ, ಅದರ ಮಾತು ಮುಂದೆ ಬರುತ್ತದೆ.

ಸೆಟ್ಟಿಂಗ್ಸ್ → ಬ್ಯಾಟರಿ ಪಟ್ಟಿಯಲ್ಲಿ ವಿಪಿಎನ್ ಆಪ್ ಮೇಲೆ ಕುಳಿತಿದೆ ಎಂಬುದೊಂದರಿಂದಲೇ ತೀರ್ಪು ಕೊಡಬೇಡಿ. ಎಲ್ಲ ಆಪ್‌ಗಳ ಡೇಟಾ ಅದರ ಮೂಲಕ ಹಾಯುತ್ತದೆ, ಗುಪ್ತೀಕರಣದ ಕೆಲಸ ಅದರ ಖಾತೆಗೇ ಬೀಳುತ್ತದೆ. ರಾತ್ರಿಯಿಡೀ ಫೋಟೋ ಬ್ಯಾಕಪ್ ಮಾಡಿದ್ದು ಇನ್ನೊಂದು ಆಪ್, ಬೈಸಿಕೊಳ್ಳುವುದು ವಿಪಿಎನ್. ಫೋನಿನಲ್ಲೇ ಇರುವ ಐಕೆಇವಿ2 ಬಳಸಿದರೆ ಇದಕ್ಕೆ ತದ್ವಿರುದ್ಧ: ವಿಪಿಎನ್ ಹೆಸರೇ ಪಟ್ಟಿಯಲ್ಲಿ ಇರುವುದಿಲ್ಲ, ಖರ್ಚು ಆಂಡ್ರಾಯ್ಡ್ ಸಿಸ್ಟಮ್ ಲೆಕ್ಕದಲ್ಲಿ ಅಡಗಿರುತ್ತದೆ.

ತಾನಾಗಿ ಸೇರಿಸುತ್ತಿರುವವರು ಯಾರು

‘ನಾನು ಆಫ್ ಮಾಡಿದೆ, ಅದು ತಾನೇ ಆನ್ ಆಗುತ್ತದೆ’ ಎಂಬ ದೂರಿಗೆ ಉತ್ತರ ಸಾಮಾನ್ಯವಾಗಿ ಎರಡು ಕಡೆ ಇರುತ್ತದೆ: ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮತ್ತು ಆಪ್‌ನ ಒಳಗೆ.

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ → ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್ → ವಿಪಿಎನ್. ಸ್ಯಾಮ್‌ಸಂಗ್‌ನಲ್ಲಿ ಕನೆಕ್ಷನ್ಸ್ → ಮೋರ್ ಕನೆಕ್ಷನ್ ಸೆಟ್ಟಿಂಗ್ಸ್ ಒಳಗೆ. ಆಪ್ ಹೆಸರಿನ ಪಕ್ಕದ ಗೇರ್ ಚಿಹ್ನೆ ಒತ್ತಿದರೆ ಎರಡು ಸ್ವಿಚ್ ಕಾಣುತ್ತವೆ: ‘ಆಲ್ವೇಸ್-ಆನ್ ವಿಪಿಎನ್’ ಮತ್ತು ಅದರ ಕೆಳಗೆ ‘ಬ್ಲಾಕ್ ಕನೆಕ್ಷನ್ಸ್ ವಿದೌಟ್ ವಿಪಿಎನ್’. ಮೊದಲನೆಯದು ಸುರಂಗವನ್ನು ಸದಾ ಎಬ್ಬಿಸಿಡುತ್ತದೆ. ಎರಡನೆಯದು ಸುರಂಗ ಇಲ್ಲದಾಗ ಇಡೀ ಫೋನಿನ ಇಂಟರ್ನೆಟ್ ಕಟ್ಟಿಬಿಡುತ್ತದೆ. ರೇಂಜ್ ಬಂದುಹೋಗುವ ಜಾಗದಲ್ಲಿ ಈ ಎರಡನೆಯದು ದುಬಾರಿ: ಸುರಂಗ ಬಿದ್ದಾಗಲೆಲ್ಲ ಆಪ್‌ಗಳು ದಾರಿ ಸಿಗದೆ ಮತ್ತೆಮತ್ತೆ ಪ್ರಯತ್ನಿಸುತ್ತವೆ. ಪತ್ರಕರ್ತರು, ವಕೀಲರು, ಕಂಪನಿಯ ಗುಟ್ಟಿನ ಕೆಲಸ ಮಾಡುವವರಿಗೆ ಅದು ಬೇಕೇ ಬೇಕು, ಉಳಿದವರು ತೆಗೆದಿಡಬಹುದು.

ಐಫೋನಿನಲ್ಲಿ ಸೆಟ್ಟಿಂಗ್ಸ್ → ಜನರಲ್ → ವಿಪಿಎನ್ ಆ್ಯಂಡ್ ಡಿವೈಸ್ ಮ್ಯಾನೇಜ್ಮೆಂಟ್ → ವಿಪಿಎನ್, ಹೆಸರಿನ ಪಕ್ಕದ ಮಾಹಿತಿ ಗುರುತು, ಅಲ್ಲಿ ‘ಕನೆಕ್ಟ್ ಆನ್ ಡಿಮ್ಯಾಂಡ್’. ಇದು ಆನ್ ಇದ್ದರೆ ಮೇಲಿನ ಸ್ವಿಚ್ ಎಷ್ಟು ಸಲ ಆರಿಸಿದರೂ ಮುಂದಿನ ಪ್ಯಾಕೆಟ್‌ಗೆ ವಿಪಿಎನ್ ಎದ್ದು ಕೂರುತ್ತದೆ. ಮೊದಲು ಇದನ್ನು ಆಫ್ ಮಾಡಬೇಕು, ಆಮೇಲೆ ಮೇಲಿನ ಸ್ವಿಚ್ಚನ್ನು.

ಇನ್ನು ಆಪ್‌ನೊಳಗಿನ ‘ಆಟೋ ಕನೆಕ್ಟ್’. ಫೋನಿನ ಆಲ್ವೇಸ್-ಆನ್ ಒಂದು ಕಡೆ, ಆಪ್‌ನ ಆಟೋ ಕನೆಕ್ಟ್ ಇನ್ನೊಂದು ಕಡೆ ಬೇಡ, ಒಂದನ್ನೇ ಇಟ್ಟುಕೊಳ್ಳಿ. ಹಾಗೆಯೇ ವಿಪಿಎನ್ ಪಟ್ಟಿಯಲ್ಲಿ ಹಳೆಯ ಹೆಸರುಗಳಿವೆಯೇ ನೋಡಿ. ಜಾಹೀರಾತು ತಡೆಯುವ ಆಪ್, ಆ್ಯಂಟಿವೈರಸ್‌ನ ವೆಬ್ ರಕ್ಷಣೆ, ಡೇಟಾ ಉಳಿಸುವ ಆಪ್, ಇವುಗಳಲ್ಲಿ ಅನೇಕವು ಒಳಗೊಳಗೆ ವಿಪಿಎನ್ ಆಗಿಯೇ ಕೆಲಸ ಮಾಡುತ್ತವೆ. ಆಂಡ್ರಾಯ್ಡ್ ಒಂದು ಹೊತ್ತಿಗೆ ಒಂದೇ ವಿಪಿಎನ್‌ಗೆ ಜಾಗ ಕೊಡುತ್ತದೆ. ತಾನಾಗಿ ಸೇರುವ ಎರಡು ಇದ್ದರೆ ಒಂದು ಇನ್ನೊಂದನ್ನು ಬೀಳಿಸುತ್ತ, ಮತ್ತೆ ಏಳುತ್ತ ರಾತ್ರಿಯಿಡೀ ಜಗಳ. ಬೇಡದ್ದನ್ನು ಪಟ್ಟಿಯಿಂದಲೇ ಅಳಿಸಿ.

ಮರುಸಂಪರ್ಕದ ಸುಳಿ

ಕೊಡಗಿನ ಮಳೆಗಾಲಕ್ಕೇ ಹೇಳಿ ಮಾಡಿಸಿದಂಥ ದೋಷ ಇದು, ಪತ್ತೆಯಾಗುವುದೂ ಕಷ್ಟ.

ಸಂದರ್ಭ ಹೀಗಿರುತ್ತದೆ: ಮರ ಬಿದ್ದು ಎಲ್ಲೋ ಫೈಬರ್ ಕಡಿದಿದೆ. ಮನೆಯಲ್ಲಿ ಇನ್ವರ್ಟರ್ ಇರುವುದರಿಂದ ರೂಟರ್‌ನ ದೀಪ ಉರಿಯುತ್ತಿದೆ, ವೈಫೈ ಗುರುತು ತುಂಬಿಕೊಂಡೇ ಇದೆ. ಆದರೆ ಅದರಾಚೆ ಇಂಟರ್ನೆಟ್ ಇಲ್ಲ. ವಿಪಿಎನ್‌ಗೆ ಇದು ತಿಳಿಯದು. ಸರ್ವರ್‌ಗೆ ಕೈಕುಲುಕಲು (ಹ್ಯಾಂಡ್‌ಶೇಕ್, ಅಂದರೆ ಸುರಂಗ ಕಟ್ಟುವ ಮೊದಲ ಮಾತುಕತೆಗೆ) ಹೋಗುತ್ತದೆ, ಉತ್ತರವಿಲ್ಲ, ಮತ್ತೆ ಹೋಗುತ್ತದೆ. ವೈರ್‌ಗಾರ್ಡ್ ಆಪ್‌ನ ಲಾಗ್ (ಆಪ್ ಬರೆದಿಡುವ ದಿನಚರಿ) ತೆರೆದರೆ ಇದು ಕಣ್ಣೆದುರೇ ಕಾಣುತ್ತದೆ: ‘ಹ್ಯಾಂಡ್‌ಶೇಕ್ ಡಿಡ್ ನಾಟ್ ಕಂಪ್ಲೀಟ್ ಆಫ್ಟರ್ 5 ಸೆಕೆಂಡ್ಸ್, ರೀಟ್ರೈಯಿಂಗ್’ ಎಂಬ ಸಾಲು, ಪಕ್ಕದಲ್ಲಿ ಪ್ರಯತ್ನದ ಸಂಖ್ಯೆ 2, 3, 4 ಎಂದು ಏರುತ್ತ ಹೋಗುತ್ತದೆ. 5 ಸೆಕೆಂಡಿಗೊಂದರಂತೆ 90 ಸೆಕೆಂಡ್ ಪ್ರಯತ್ನಿಸಿ ಕೈಬಿಡುತ್ತದೆ. ಅಷ್ಟರಲ್ಲಿ ಯಾವುದೋ ಆಪ್ ಮೇಲ್ ನೋಡಲು ಒಂದು ಪ್ಯಾಕೆಟ್ ಕಳಿಸುತ್ತದೆ, ಮತ್ತೆ ಮೊದಲಿನಿಂದ ಶುರು. ಓಪನ್‌ವಿಪಿಎನ್‌ನ ಲಾಗ್‌ನಲ್ಲಾದರೆ ‘ಇನ್‌ಆ್ಯಕ್ಟಿವಿಟಿ ಟೈಮ್‌ಔಟ್’ ಮತ್ತು ‘ಪಿಂಗ್-ರೀಸ್ಟಾರ್ಟ್’ ಎಂಬ ಮಾತುಗಳನ್ನು ಹುಡುಕಿ. ಒಂದು ರಾತ್ರಿಯಲ್ಲಿ ಇಂಥ ಸಾಲು ನಾಲ್ಕೈದು ಇದ್ದರೆ ಚಿಂತೆಯಿಲ್ಲ. ಪುಟಗಟ್ಟಲೆ ಇದ್ದರೆ ಕಳ್ಳ ಸಿಕ್ಕಿದ.

ಇನ್ನೊಂದು ಬಗೆ, ವೈಫೈಗೂ ಮೊಬೈಲ್ ಡೇಟಾಗೂ ನಡುವೆ ತೂಗಾಟ. ರೂಟರ್ ಹಜಾರದಲ್ಲಿ, ಫೋನ್ ದಪ್ಪ ಗೋಡೆಯ ಆಚೆ ಮಲಗುವ ಕೋಣೆಯಲ್ಲಿ. ವೈಫೈ ಕ್ಷೀಣಿಸಿದಾಗ ಫೋನ್ ಮೊಬೈಲ್ ಡೇಟಾಗೆ ಹಾರುತ್ತದೆ, ಸ್ವಲ್ಪದರಲ್ಲೇ ಮರಳುತ್ತದೆ. ಪ್ರತಿ ಹಾರಾಟಕ್ಕೂ ಐಪಿ ವಿಳಾಸ ಬದಲು. ಓಪನ್‌ವಿಪಿಎನ್‌ನಂಥವು ಆಗ ಸುರಂಗವನ್ನೇ ಹೊಸದಾಗಿ ಕಟ್ಟಲು ಹೊರಟರೆ, ಒಳಗಿದ್ದ ಸಂಪರ್ಕಗಳು ಕಡಿದು ವಾಟ್ಸ್‌ಆ್ಯಪ್, ಮೇಲ್, ಬ್ಯಾಂಕ್, ಕ್ಯಾಲೆಂಡರ್ ಎಲ್ಲವೂ ಒಟ್ಟಿಗೆ ಮರುಸಂಪರ್ಕಕ್ಕೆ ಓಡುತ್ತವೆ. ವೈರ್‌ಗಾರ್ಡ್ ವಿಳಾಸ ಬದಲಾದರೂ ಸುರಂಗ ಬಿಡುವುದಿಲ್ಲ. ಐಕೆಇವಿ2ಗೂ 2006ರಲ್ಲಿ ಪ್ರಕಟವಾದ ಮೊಬೈಕ್ ಎಂಬ ವಿಸ್ತರಣೆ ಇದೆ, ಎರಡೂ ತುದಿ ಒಪ್ಪಿದರೆ ಸುರಂಗ ಹಾಗೇ ಮುಂದುವರಿಯುತ್ತದೆ. ಓಡಾಟ ಹೆಚ್ಚಿರುವವರು, ಉದಾಹರಣೆಗೆ ದಿನವೂ ವಿರಾಜಪೇಟೆಯಿಂದ ಮಡಿಕೇರಿಗೆ ಬಸ್ಸಿನಲ್ಲಿ ಹೋಗುವವರು, ಈ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ಓಪನ್‌ವಿಪಿಎನ್ ಬಿಟ್ಟು ಬೇರೆ ಗತಿಯಿಲ್ಲದಿದ್ದರೆ ಟಿಸಿಪಿ (ಕಳೆದ ಪ್ಯಾಕೆಟ್ ಮತ್ತೆ ಕಳಿಸುವ ವಿಧಾನ) ಬದಲು ಯುಡಿಪಿ ಇರಲಿ. ಟಿಸಿಪಿಯೊಳಗೆ ಟಿಸಿಪಿ ಓಡಿಸಿದರೆ, ಪ್ಯಾಕೆಟ್ ಕಳೆದಾಗ ಒಳಗಿನದೂ ಹೊರಗಿನದೂ ಎರಡೂ ಅದನ್ನು ಮತ್ತೆ ಕಳಿಸುತ್ತ ಒಂದರ ಕಾಲನ್ನು ಇನ್ನೊಂದು ತುಳಿಯುತ್ತವೆ.

ಮೂರನೆಯದು ಎರಡು ಸಿಮ್‌ನ ತೂಗಾಟ. ತೋಟದಲ್ಲಿ ಒಂದಕ್ಕೆ ರೇಂಜ್, ಪೇಟೆಯಲ್ಲಿ ಇನ್ನೊಂದಕ್ಕೆ ಎಂದು ಇಲ್ಲಿ ಎರಡು ಸಿಮ್ ಇಟ್ಟುಕೊಳ್ಳದವರು ಕಡಿಮೆ. ‘ಮೊಬೈಲ್ ಡೇಟಾ ತಾನಾಗಿ ಬದಲಿಸು’ ಎಂಬರ್ಥದ ಆಯ್ಕೆ ಆನ್ ಇದ್ದರೆ ಡೇಟಾ ಆಚೀಚೆ ಹೋಗುತ್ತಿರುತ್ತದೆ, ವಿಪಿಎನ್ ಹಿಂದೆ ಓಡುತ್ತಿರುತ್ತದೆ. ಆ ಆಯ್ಕೆ ಆಫ್ ಮಾಡಿ. ರಾತ್ರಿ ಮನೆಯಲ್ಲಿ ರೇಂಜೇ ಇಲ್ಲದ ಸಿಮ್ ಯಾವುದೋ ಅದನ್ನು ಸಿಮ್ ಸೆಟ್ಟಿಂಗ್ಸ್‌ನಲ್ಲೇ ಆಫ್ ಮಾಡಿ. ಟವರ್ ಹುಡುಕುತ್ತಲೇ ಇರುವ ಸಿಮ್ ವಿಪಿಎನ್ ಇಲ್ಲದೆಯೂ ಬ್ಯಾಟರಿ ತಿನ್ನುತ್ತದೆ. 5ಜಿ ಅಂಚಿನಲ್ಲಿರುವ ಮನೆಗಳಲ್ಲಿ ಪ್ರಿಫರ್ಡ್ ನೆಟ್‌ವರ್ಕ್ ಟೈಪ್ ಅನ್ನು 4ಜಿಗೆ ಇಳಿಸಿ. ವೇಗ ಸ್ವಲ್ಪ ಕಡಿಮೆಯಾದೀತು, 5ಜಿ-4ಜಿ ನಡುವಿನ ಜಗ್ಗಾಟ ನಿಲ್ಲುತ್ತದೆ.

ಕರೆಂಟ್ ಹೋದಾಗ ರೂಟರ್ ಸಾಯುವುದೇ ಮೂಲ ಕಾರಣವಾಗಿದ್ದರೆ ಒಂದು ಮಿನಿ ಯುಪಿಎಸ್ ಹಾಕುವುದು ಫೋನಿನೊಳಗಿನ ಯಾವ ಸೆಟ್ಟಿಂಗ್‌ಗಿಂತಲೂ ಒಳ್ಳೆಯ ಮದ್ದು. ಅಡಾಪ್ಟರ್ ಮೇಲಿನ ಚೀಟಿ ಓದಿ: 12 ವೋಲ್ಟ್ ಎಂದಿದ್ದರೆ ಯುಪಿಎಸ್‌ನಿಂದಲೂ 12 ವೋಲ್ಟೇ ಬರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು. 3.7 ವೋಲ್ಟಿನ 8800 ಎಂಎಎಚ್ ಕೋಶಗಳಿದ್ದರೆ ಸುಮಾರು 32 ವ್ಯಾಟ್-ಅವರ್; 8 ವ್ಯಾಟ್ ಎಳೆಯುವ ರೂಟರ್ ನಷ್ಟ ಕಳೆದು ಮೂರು ಗಂಟೆ ನಡೆದೀತು. ಫೈಬರ್ ಡಬ್ಬಿ ಬೇರೆ, ವೈಫೈ ರೂಟರ್ ಬೇರೆ ಇರುವ ಮನೆಯಲ್ಲಿ ಎರಡಕ್ಕೂ ಕೊಡಬೇಕು. ರೂಟರ್‌ಗೆ ಮಾತ್ರ ಕೊಟ್ಟರೆ ‘ವೈಫೈ ಇದೆ, ಇಂಟರ್ನೆಟ್ ಇಲ್ಲ’ ಎಂಬ ಮೇಲೆ ಹೇಳಿದ ದೋಷವನ್ನು ನೀವೇ ತಂದುಕೊಂಡಂತೆ.

ಕೀಪ್‌ಅಲೈವ್ ಸರಿಪಡಿಸುವುದು

ನಾಲ್ಕನೇ ರಾತ್ರಿ ಮಾತ್ರ ಕೆಟ್ಟವರಿಗೆ ಇದು. ವೈರ್‌ಗಾರ್ಡ್ ಆಪ್‌ನಲ್ಲಿ ಸುರಂಗದ ಹೆಸರು ಒತ್ತಿ, ಪೆನ್ಸಿಲ್ ಗುರುತು ಒತ್ತಿ, ಪಿಯರ್ ಭಾಗದ ‘ಪರ್ಸಿಸ್ಟೆಂಟ್ ಕೀಪ್‌ಅಲೈವ್’ ಖಾಲಿ ಬಿಡಿ. ಫೋನಿನಿಂದಲೇ ಮಾತು ಶುರುವಾಗುವ ಬಳಕೆಗೆ ಅದು ಬೇಕಿಲ್ಲ. ನ್ಯಾಟ್ ಹಿಂದೆ ಕುಳಿತು ಹೊರಗಿನ ಕರೆಗಾಗಿ ಕಾಯುವ ತುದಿಗೆ, ಅಂದರೆ ತೋಟದ ಮನೆಯ ರೂಟರ್‌ನಂಥದ್ದಕ್ಕೆ, ಅದು ಬೇಕು. ರೂಟರ್ ಗೋಡೆಯ ಕರೆಂಟಿನಲ್ಲಿ ನಡೆಯುವುದರಿಂದ 25 ಅಲ್ಲೇ ಇರಲಿ.

ಒಂದು ಎಚ್ಚರಿಕೆ. ಇಡೀ ಫೋನಿನ ಡೇಟಾ ಸುರಂಗದೊಳಗೆ ಹೋಗುವಾಗ ಕೀಪ್‌ಅಲೈವ್ ತೆಗೆದರೆ ಸಂದೇಶಗಳು ತಡವಾಗಿ ಬರಬಹುದು, ಏಕೆಂದರೆ ಮಧ್ಯದ ನ್ಯಾಟ್ ದಾರಿ ಮರೆತಿರುತ್ತದೆ. ಸಿದ್ದಾಪುರದ ಕಡೆ ‘ಆನೆ ರಸ್ತೆ ದಾಟುತ್ತಿದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಇಪ್ಪತ್ತು ನಿಮಿಷ ತಡವಾದರೆ ಅದು ಸಣ್ಣ ವಿಷಯವಲ್ಲ. ಇದಕ್ಕೆ ಪರಿಹಾರ ಸುರಂಗದಿಂದ ಕೆಲವು ಆಪ್‌ಗಳನ್ನು ಹೊರಗಿಡುವುದು. ಆಂಡ್ರಾಯ್ಡ್‌ನಲ್ಲಾದರೆ ವೈರ್‌ಗಾರ್ಡ್‌ನ ಅದೇ ಪುಟದ ‘ಆಲ್ ಅಪ್ಲಿಕೇಶನ್ಸ್’ ಗುಂಡಿ ಒತ್ತಿ, ಎಕ್ಸ್‌ಕ್ಲೂಡ್ ಪಟ್ಟಿಗೆ ವಾಟ್ಸ್‌ಆ್ಯಪ್ ಮತ್ತು ಗೂಗಲ್ ಪ್ಲೇ ಸರ್ವಿಸಸ್ ಸೇರಿಸಿ. ಬೇರೆ ಆಪ್‌ಗಳಲ್ಲಿ ಇದಕ್ಕೆ ‘ಸ್ಪ್ಲಿಟ್ ಟನೆಲಿಂಗ್’ ಎಂಬ ಹೆಸರಿರುತ್ತದೆ. ‘ಬ್ಲಾಕ್ ಕನೆಕ್ಷನ್ಸ್ ವಿದೌಟ್ ವಿಪಿಎನ್’ ಆನ್ ಇದ್ದರೆ ಹೀಗೆ ಹೊರಗಿಟ್ಟ ಆಪ್‌ಗಳಿಗೆ ಇಂಟರ್ನೆಟ್ಟೇ ಸಿಗುವುದಿಲ್ಲ ಎಂಬುದನ್ನು ಮರೆಯಬೇಡಿ. ‘ಎಕ್ಸ್‌ಕ್ಲೂಡ್ ಮಾಡಿದ ಮೇಲೆ ವಾಟ್ಸ್‌ಆ್ಯಪ್ ಸತ್ತೇಹೋಯಿತು’ ಎಂಬುದರ ಕಾರಣ ಅದು.

ಕಾಫಿ ಕಣದ ಅಥವಾ ಗೋದಾಮಿನ ಕ್ಯಾಮೆರಾ ನೋಡಲೆಂದೇ ವಿಪಿಎನ್ ಹಾಕಿಕೊಂಡವರಿಗೆ ಇದಕ್ಕಿಂತ ಚೆಂದದ ದಾರಿಯಿದೆ. ಅವರ ಕಡತದಲ್ಲಿ ‘ಅಲೋಡ್ ಐಪೀಸ್’ ಎದುರು 0.0.0.0/0 ಎಂದಿರುತ್ತದೆ, ಅಂದರೆ ಲೋಕದ ಎಲ್ಲ ಡೇಟಾವೂ ತೋಟದ ಮನೆಯ ಮೂಲಕ ಹೋಗಿ ಬರಲಿ ಎಂದರ್ಥ. ಮೈಸೂರಿನಲ್ಲಿ ಕುಳಿತು ವಿಡಿಯೋ ನೋಡಿದರೂ ಅದು ಸುಂಟಿಕೊಪ್ಪದ ಫೈಬರ್ ಸುತ್ತಿ ಬರುತ್ತದೆ. ಅಲ್ಲಿ ಮನೆಯ ಒಳಜಾಲದ ವಿಳಾಸವನ್ನಷ್ಟೇ ಬರೆಯಿರಿ, ಉದಾಹರಣೆಗೆ ರೂಟರ್ ವಿಳಾಸ 192.168.1.1 ಆಗಿದ್ದರೆ 192.168.1.0/24. ಜತೆಗೆ ಕಡತದಲ್ಲಿ ಡಿಎನ್‌ಎಸ್ ಸಾಲು ಇದ್ದರೆ ಅಳಿಸಿ, ಅಳಿಸದಿದ್ದರೆ ಪ್ರತಿ ಜಾಲತಾಣದ ಹೆಸರಿನ ವಿಳಾಸದ ಹುಡುಕಾಟವೂ ಸುರಂಗದತ್ತಲೇ ಹೊರಟೀತು. ಇಷ್ಟಾದರೆ ಕ್ಯಾಮೆರಾ ತೆರೆದಾಗ ಮಾತ್ರ ಸುರಂಗದಲ್ಲಿ ಸಂಚಾರ, ಉಳಿದ ಹೊತ್ತು ಮೌನ. ಆಲ್ವೇಸ್-ಆನ್ ಇಟ್ಟರೂ ಬ್ಯಾಟರಿಗೆ ಹೆಚ್ಚುಕಡಿಮೆ ಹೊರೆಯಿಲ್ಲ.

ಪುಟಗಳು ಅರ್ಧ ತೆರೆದು ನಿಲ್ಲುತ್ತಿದ್ದರೆ, ಚಿಕ್ಕ ಸಂದೇಶ ಹೋಗಿ ಫೋಟೋ ಹೋಗದಿದ್ದರೆ, ಅದು ಬಹುಮಟ್ಟಿಗೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ದೋಷ. ದೊಡ್ಡ ಪ್ಯಾಕೆಟ್ ದಾರಿಯಲ್ಲೇ ಬಿದ್ದು ಮತ್ತೆಮತ್ತೆ ಕಳಿಸಬೇಕಾಗುತ್ತದೆ, ಅದೂ ಬ್ಯಾಟರಿಗೆ ಪೆಟ್ಟು. ಎಂಟಿಯು 1280 ಎಂದು ಬರೆದು ನೋಡಿ.

ಮಾಡಬಾರದ ಒಂದು ‘ಪರಿಹಾರ’

ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ವಿಪಿಎನ್ ಆಪ್ ಅನ್ನು ರಿಸ್ಟ್ರಿಕ್ಟೆಡ್ ಮಾಡುವುದು ಎಲ್ಲರ ಮೊದಲ ಯೋಚನೆ. ಆಲ್ವೇಸ್-ಆನ್ ಇರುವಾಗ ಇದು ತಿರುಗುಬಾಣ. ಫೋನ್ ಆಪ್ ಅನ್ನು ಕೊಲ್ಲುತ್ತದೆ, ಆಲ್ವೇಸ್-ಆನ್ ಅದನ್ನು ಮತ್ತೆ ಎಬ್ಬಿಸುತ್ತದೆ, ಪ್ರತಿ ಸಲವೂ ಪೂರ್ತಿ ಕೈಕುಲುಕು. ವಿಪಿಎನ್ ಬೇಕು ಎಂದಾದರೆ ಅದಕ್ಕೆ ‘ಅನ್‌ರಿಸ್ಟ್ರಿಕ್ಟೆಡ್’ ಕೊಡಿ, ಸ್ಯಾಮ್‌ಸಂಗ್‌ನಲ್ಲಿ ‘ನೆವರ್ ಸ್ಲೀಪಿಂಗ್’ ಪಟ್ಟಿಗೆ ಸೇರಿಸಿ. ಬೇಡ ಎಂದಾದರೆ ಪೂರ್ತಿ ಆರಿಸಿ. ಅರ್ಧಂಬರ್ಧವೇ ಅತಿ ದುಬಾರಿ.

ಗುಪ್ತೀಕರಣಕ್ಕೆ ಬ್ಯಾಟರಿ ಹೋಗುತ್ತದೆ ಎಂಬ ಮಾತಿನಲ್ಲಿ ಈಗ ಹುರುಳು ಕಡಿಮೆ. ಇಂದಿನ ಫೋನ್ ಚಿಪ್‌ಗಳಲ್ಲಿ ಎಇಎಸ್ ಎಂಬ ಗುಪ್ತೀಕರಣ ವಿಧಾನಕ್ಕೆ ಬೇರೆಯೇ ಯಂತ್ರಾಂಶವಿದೆ. ವೈರ್‌ಗಾರ್ಡ್‌ನ ಚಾಚಾ20 ಎಂಬ ವಿಧಾನ ಅದಿಲ್ಲದೆಯೂ ಚುರುಕು. ಗಂಟೆಗಟ್ಟಲೆ ವಿಡಿಯೋ ನೋಡಿದಾಗ ತುಸು ಗೊತ್ತಾದೀತು, ಮಲಗಿದ ಫೋನಿನಲ್ಲಿ ಇಲ್ಲ.

ಸರ್ವರ್ ಆಯ್ಕೆಯನ್ನು ‘ಆಟೋ’ದಿಂದ ತೆಗೆದು ಒಂದು ಹತ್ತಿರದ ಸರ್ವರ್‌ಗೆ ನಿಲ್ಲಿಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಏಪ್ರಿಲ್ 2022ರ ನಿರ್ದೇಶನವು ವಿಪಿಎನ್ ಸೇವೆಗಳು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದ ಮೇಲೆ ಕೆಲವು ವಿದೇಶಿ ಸೇವೆಗಳು ಭಾರತದಲ್ಲಿದ್ದ ತಮ್ಮ ಯಂತ್ರಗಳನ್ನು ತೆಗೆದವು. ಪಟ್ಟಿಯಲ್ಲಿ ‘ಇಂಡಿಯಾ’ ಎಂದಿದ್ದರೂ ಯಂತ್ರ ಸಿಂಗಾಪುರದಲ್ಲಿರಬಹುದು.

ಸಿಗ್ನಲ್‌ದೇ ದೋಷವಾದರೆ

ಫೋನ್ ಇಡುವ ಜಾಗ ಬದಲಿಸಿ ಅಂಕಿ ನೋಡಿ. ಮಂಚದ ಪಕ್ಕ ಮೈನಸ್ 115, ಮಹಡಿಯ ಕಿಟಕಿಯಲ್ಲಿ ಮೈನಸ್ 105 ಎಂದರೆ 10 ಡಿಬಿ ಗಳಿಕೆ, ಅಂದರೆ ಸಿಗ್ನಲ್ ಹತ್ತು ಪಟ್ಟು. ಅಷ್ಟರಮಟ್ಟಿಗೆ ಫೋನ್ ಮೆಲ್ಲಗೆ ಮಾತಾಡಿದರೆ ಸಾಕು. ಮಳೆ ಎರಚಲು ಬೀಳದ ಕಿಟಕಿ ಇರಲಿ.

ವೈಫೈ ಗಟ್ಟಿಯಿರುವ ಮನೆಯಲ್ಲಿ ರಾತ್ರಿ ಏರೋಪ್ಲೇನ್ ಮೋಡ್ ಹಾಕಿ, ಅದರ ಮೇಲೆ ವೈಫೈ ಮಾತ್ರ ಆನ್ ಮಾಡಿ, ವೈಫೈ ಕಾಲಿಂಗ್ ಚಾಲೂ ಇಟ್ಟರೆ ರೇಂಜ್ ಹುಡುಕಾಟ ಪೂರ್ತಿ ನಿಲ್ಲುತ್ತದೆ, ಕರೆಯೂ ಬರುತ್ತದೆ. ಆದರೆ ಕರೆಂಟ್ ಹೋಗಿ ರೂಟರ್ ಆರಿದರೆ ಯಾವ ಕರೆಯೂ ಬರುವುದಿಲ್ಲ. ಭಾರೀ ಮಳೆಯ ಮುನ್ಸೂಚನೆ ಇದ್ದಾಗ, ಬರೆ ಕುಸಿಯುವ ಭಯವಿರುವ ಇಳಿಜಾರಿನ ಮನೆಗಳಲ್ಲಿ ಇದನ್ನು ಖಂಡಿತ ಮಾಡಬೇಡಿ. 2018ರ ಆಗಸ್ಟ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ರಾತ್ರಿ ವಿಪಿಎನ್ ಆರಿಸಿ, ಸಿಮ್ ಆನ್ ಇಟ್ಟು, ಫೋನ್ ಪೂರ್ತಿ ಚಾರ್ಜ್ ಮಾಡಿಕೊಂಡು ಮಲಗಿ.

ಮನೆಯ ವೈಫೈಯಲ್ಲಿ ವಿಪಿಎನ್ ಬೇಡ, ಹೋಂಸ್ಟೇ ಬಸ್‌ಸ್ಟ್ಯಾಂಡ್ ವೈಫೈಯಲ್ಲಿ ಬೇಕು ಎನ್ನುವವರು ಆಪ್‌ನ ‘ಟ್ರಸ್ಟೆಡ್ ನೆಟ್‌ವರ್ಕ್ಸ್’ ಪಟ್ಟಿಗೆ ಮನೆಯ ವೈಫೈ ಹೆಸರು ಸೇರಿಸಿ. ಆಂಡ್ರಾಯ್ಡ್‌ನಲ್ಲಿ ವೈಫೈ ಹೆಸರು ಓದಲು ಲೊಕೇಶನ್ ಅನುಮತಿ ಬೇಕಾಗುತ್ತದೆ, ಕೊಡದಿದ್ದರೆ ಆಪ್ ಮನೆಯನ್ನೂ ಅಪರಿಚಿತ ಎಂದೇ ಎಣಿಸಿ ಸೇರಿಕೊಳ್ಳುತ್ತದೆ. ಬರೀ ಜಾಹೀರಾತು ತಡೆಯಲು ವಿಪಿಎನ್ ಹಾಕಿಕೊಂಡಿದ್ದರೆ ಆಂಡ್ರಾಯ್ಡ್ 9ರಿಂದ ಇರುವ ‘ಪ್ರೈವೇಟ್ ಡಿಎನ್‌ಎಸ್’ನಲ್ಲಿ ಜಾಹೀರಾತು ತಡೆಯುವ ಸೇವೆಯ ಹೆಸರು ಬರೆದರೆ ಸಾಕು, ಸುರಂಗವೇ ಬೇಡ.

ಆಫೀಸಿನ ಫೋನ್ ಆದರೆ

ಆಲ್ವೇಸ್-ಆನ್ ಸ್ವಿಚ್ ಮಂಕಾಗಿದ್ದು ಒತ್ತಲು ಬಾರದಿದ್ದರೆ ಅದು ಕಂಪನಿಯ ನಿಯಮ, ಅದನ್ನು ದಾಟಲು ಹೋಗಬೇಡಿ. ಸ್ವಂತ ಆಂಡ್ರಾಯ್ಡ್ ಫೋನಿನಲ್ಲಿ ವರ್ಕ್ ಪ್ರೊಫೈಲ್ (ಕೆಲಸದ ಆಪ್‌ಗಳ ಪ್ರತ್ಯೇಕ ವಿಭಾಗ) ಇದ್ದರೆ ಕಂಪನಿಯ ವಿಪಿಎನ್ ಆ ಪ್ರೊಫೈಲ್‌ಗೆ ಮಾತ್ರ ಸೇರಿದ್ದು. ಮೇಲಿನಿಂದ ಎಳೆಯುವ ಪರದೆಯಲ್ಲಿ ‘ವರ್ಕ್ ಆಪ್ಸ್’ ಗುಂಡಿ ಒತ್ತಿ ಕೆಲಸದ ವೇಳೆಯ ನಂತರ ವಿರಾಮ ಕೊಟ್ಟರೆ ವಿಪಿಎನ್ ಕೂಡ ನಿಲ್ಲುತ್ತದೆ, ಬೆಳಿಗ್ಗೆ ಮತ್ತೆ ಒತ್ತಿ.

ಐಟಿ ವಿಭಾಗಕ್ಕೆ ಬರೆಯುವಾಗ ‘ಬ್ಯಾಟರಿ ಬೇಗ ಹೋಗುತ್ತೆ’ ಎಂದಷ್ಟೇ ಬರೆದರೆ ‘ಫೋನ್ ರೀಸ್ಟಾರ್ಟ್ ಮಾಡಿ’ ಎಂಬ ಉತ್ತರ ಬರುತ್ತದೆ. ನಾಲ್ಕು ರಾತ್ರಿಯ ಅಂಕಿ, ಆ ರಾತ್ರಿಗಳ ಸಿಗ್ನಲ್, ಫೋನ್ ಮಾದರಿ ಮತ್ತು ಆಂಡ್ರಾಯ್ಡ್ ಆವೃತ್ತಿ, ಲಾಗ್‌ನಲ್ಲಿ ಮರುಸಂಪರ್ಕದ ಸಾಲು ಎಷ್ಟು ಸಲ ಕಂಡಿತು ಎಂಬುದನ್ನು ಸೇರಿಸಿ, ಇವನ್ನು ಕೇಳಿ: ಕೀಪ್‌ಅಲೈವ್ ಅವಧಿ ಈಗ ಎಷ್ಟಿದೆ, ಮೊಬೈಲ್ ಬಳಕೆದಾರರಿಗೆ ಅದನ್ನು ಹೆಚ್ಚಿಸಲು ಸಾಧ್ಯವೇ, ಮೊಬೈಕ್ ಚಾಲೂ ಇದೆಯೇ, ಕಂಪನಿಯ ವಿಳಾಸಗಳಷ್ಟೇ ಸುರಂಗದಲ್ಲಿ ಹೋಗುವಂತೆ ಮಾಡಬಹುದೇ, ಬೆಂಗಳೂರು ಅಥವಾ ಚೆನ್ನೈಯಲ್ಲಿ ಗೇಟ್‌ವೇ (ಸುರಂಗದ ಆಚೆ ತುದಿಯ ಸರ್ವರ್) ಇದೆಯೇ. ಅವರು ಒಂದನ್ನು ಬದಲಿಸಿದರೆಂದು ತಿಳಿದ ರಾತ್ರಿ, ಬೇರೇನನ್ನೂ ಮುಟ್ಟದೆ, ನಾಲ್ಕನೇ ರಾತ್ರಿಯ ಅಳತೆಯನ್ನು ಅದೇ ಕಿಟಕಿಯಲ್ಲಿ ಮತ್ತೆ ಮಾಡಿ.